ಟ್ರಕ್ಕಿಗೆ ಕಲಾಯಿ

ಮುಂದಿನಿಂದ ನೋಡಿದರೆ ಯಜಮಾನನ ಗಾಡಿ, ಹಿಂದಿನಿಂದ ನೋಡಿದರೆ ಆಳಿನ ಗಾಡಿ. ಹೀಗೆ ಎರಡು ಮುಖಗಳುಳ್ಳ ವಾಹನವೊಂದು ಲೋಕದಲ್ಲಿದೆ. ಮುಂದುಗಡೆ ಮೆತ್ತನೆಯ ಆಸನ, ತಂಪುಗಾಳಿ, ಸಂಗೀತ. ಹಿಂದುಗಡೆ ಮೇಲ್ಛಾವಣಿಯಿಲ್ಲದ ತಗಡಿನ ತೊಟ್ಟಿ. ಪಿಕಪ್ ಎಂದು ಅದಕ್ಕೆ ಹೆಸರು. ಈಗ ನಮ್ಮ ಊರುಗಳಲ್ಲಿಯೂ ಅದು ಟೊಮ್ಯಾಟೊ, ಎಳನೀರು, ಮದುವೆಮನೆಯ ಕೊಳದಪ್ಪಲೆಗಳನ್ನು ಹೊತ್ತು ಓಡಾಡುತ್ತದೆ. ಆದರೆ ನಮ್ಮಲ್ಲಿ ಅದನ್ನು ಕೊಳ್ಳುವವನು ಹೇರುವುದಕ್ಕೆ ಸರಕಿದ್ದರೆ ಮಾತ್ರ ಕೊಳ್ಳುತ್ತಾನೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ವಕೀಲರೂ ಕೊಳ್ಳುತ್ತಾರೆ, ದಂತವೈದ್ಯರೂ ಕೊಳ್ಳುತ್ತಾರೆ. ವರ್ಷವೆಲ್ಲ ಆ ತೊಟ್ಟಿಯಲ್ಲಿ ಗಾಳಿಯನ್ನೇ ಸಾಗಿಸಿ, ಕ್ರಿಸ್‌ಮಸ್ ಹತ್ತಿರ ಬಂದಾಗ ಒಂದು ಪೈನ್ ಮರವನ್ನು ತಂದು ಕೃತಾರ್ಥರಾಗುತ್ತಾರೆ. ಫೋರ್ಡ್ ಕಂಪನಿ ಕಾರ್ಖಾನೆಯಲ್ಲಿಯೇ ಸಿದ್ಧಪಡಿಸಿದ ತನ್ನ ಮೊದಲ ಪಿಕಪ್ಪನ್ನು 1925ರಲ್ಲಿ 281 ಡಾಲರಿಗೆ ಮಾರಿತು. ಅದೇ ಕಂಪನಿಯ ಎಫ್ ಸಾಲಿನ ಗಾಡಿಗಳು 1977ರಿಂದ ಈಚೆಗೆ ಆ ದೇಶದ ಬಹುಮಾರಾಟದ ಟ್ರಕ್ಕುಗಳಾಗಿ ಮೆರೆದಿವೆ. ರೈತನ ಗಾಡಿಯಾಗಿ ಹುಟ್ಟಿದ್ದು ದೊಡ್ಡವರ ಮನೆಯ ಅಂಗಳಕ್ಕೆ ಏರಿತು. ದನದ ಕೊಟ್ಟಿಗೆಯ ಕಂದೀಲನ್ನು ಪಟ್ಟಣದ ಶ್ರೀಮಂತರು ನಡುಮನೆಯಲ್ಲಿ ಅಲಂಕಾರಕ್ಕೆ ತೂಗುಹಾಕುವುದಿಲ್ಲವೆ, ಹಾಗೆ.

ಹಿಂದಿನ ತೊಟ್ಟಿಗೆ ಅವರು ಇಟ್ಟಿರುವ ಹೆಸರು ಬೆಡ್, ಅಂದರೆ ಹಾಸಿಗೆ. ಆರೂವರೆ ಅಡಿ ಉದ್ದ, ಸುಮಾರು ಐದು ಅಡಿ ಅಗಲ; ಮನುಷ್ಯ ಮಲಗಲು ಧಾರಾಳವಾಗಿ ಸಾಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮಾತ್ರ ಅವರಿಗೆ ತಿಳಿಯದು. ಹನ್ನೆರಡು ಅಡಿಯ ಹಲಗೆಗಳನ್ನು ಹೇರಿ, ಹಿಂಬಾಗಿಲನ್ನು ಇಳಿಬಿಟ್ಟು, ತುದಿಗೆ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿ ಹೆದ್ದಾರಿಯಲ್ಲಿ ಓಡಿಸುತ್ತಾರೆ. ಈ ಹಾಸಿಗೆಗೆ ಒಂದು ಹೊದಿಕೆ ಬೇಕು ಎಂಬುದೇ ನಾನು ಹೇಳಹೊರಟ ಸಂಗತಿ. ಹೊದಿಕೆಯೆಂದರೆ ಬಟ್ಟೆಯದಲ್ಲ, ತಗಡಿನ ಮೈಗೆ ಅಂಟಿಕೊಂಡು ಕೂರುವ ಒಳಲೇಪ. ಅದನ್ನು ಆರಿಸುವ ಕೆಲಸ ಇಷ್ಟು ತಲೆ ತಿನ್ನುವಂಥದೆಂದು ಕಳೆದ ಬೇಸಿಗೆಯಲ್ಲಿ ಮಿಷಿಗನ್ನಿಗೆ ಹೋಗಿ ಮಗಳ ಮನೆಯಲ್ಲಿ ಇರುವವರೆಗೆ ನನಗೆ ತಿಳಿದಿರಲಿಲ್ಲ.

ನಮ್ಮ ಅಳಿಯಂದಿರು ಇಪ್ಪತ್ತೆರಡು ವರ್ಷ ಇಂಜಿನಿಯರಾಗಿ ದುಡಿದವರು. ಐವತ್ತಕ್ಕೆ ಒಂದು ವರ್ಷ ಕಡಮೆಯಿರುವಾಗ ಅವರ ಕಂಪನಿ ಒಂದು ಶುಕ್ರವಾರ ಮಧ್ಯಾಹ್ನ ಹದಿನೈದು ನಿಮಿಷದ ಸಭೆ ಕರೆದು, ಸೋಮವಾರದಿಂದ ಬರಬೇಕಾಗಿಲ್ಲವೆಂದು ತಿಳಿಸಿತು. ನಮ್ಮ ಕಾಲದಲ್ಲಿ ಗುಮಾಸ್ತನನ್ನು ಮನೆಗೆ ಕಳುಹಿಸಬೇಕಾದರೂ ಮೂರು ಮೆಮೊ, ಒಂದು ವಿಚಾರಣೆ ಇರುತ್ತಿತ್ತು. ಅವರು ನಾಲ್ಕಾರು ತಿಂಗಳು ಅರ್ಜಿ ಗುಜರಾಯಿಸಿ, ಬೇಸತ್ತು, ಒಬ್ಬ ಹಳೆಯ ಗೆಳೆಯನೊಡನೆ ಕೂಡಿ ಮನೆಗಳ ಹಿತ್ತಿಲಿಗೆ ಕಲ್ಲು ಹಾಸುವ, ಬೇಲಿ ನಿಲ್ಲಿಸುವ ಕಸುಬಿಗೆ ಇಳಿದರು. ಮಗಳಿಗೆ ಇದು ಒಳಗೊಳಗೆ ಸಂಕಟ. ನನಗೇನೋ ಆ ಮನುಷ್ಯನ ಮೇಲೆ ಗೌರವ ಹೆಚ್ಚಿತು. ಆದರೆ ಬೀಗರಿಗೆ ಪತ್ರ ಬರೆಯುವಾಗ ‘ಸ್ವಂತ ಉದ್ಯಮ’ ಎಂದಷ್ಟೇ ಬರೆದೆ. ಕಸುಬಿಗೆ ಬೇಕಾಗಿ ಹತ್ತು ವರ್ಷ ಹಳೆಯದಾದ ಉಕ್ಕಿನ ಮೈಯ ಪಿಕಪ್ಪೊಂದು ಬಂತು. ಅದರ ತೊಟ್ಟಿಯ ಬಣ್ಣ ಅಲ್ಲಲ್ಲಿ ಕೆರೆದುಹೋಗಿತ್ತು. ಮೂಲೆಗಳಲ್ಲಿ ತುಕ್ಕು ಆಗತಾನೆ ಕಣ್ಣು ಬಿಟ್ಟಿತ್ತು.

ತುಕ್ಕಿನ ವಿಷಯದಲ್ಲಿ ಮಿಷಿಗನ್ನಿನವರನ್ನು ಹಗುರವಾಗಿ ಮಾತಾಡಿಸಕೂಡದು. ಚಳಿಗಾಲದಲ್ಲಿ ಅಲ್ಲಿ ರಸ್ತೆಯ ಹಿಮ ಕರಗಲೆಂದು ಉಪ್ಪು ಸುರಿಯುತ್ತಾರೆ. ಉಪ್ಪೆಂದರೆ ನಮ್ಮ ಅಡಿಗೆಯ ಉಪ್ಪಿನ ಒರಟು ಅಣ್ಣನೇ. ಅದಕ್ಕಾಗಿ ದೂರ ಹೋಗಬೇಕಾದ್ದಿಲ್ಲ. ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ದೊಡ್ಡ ಗಣಿ ಇದೆ. ಮೇಲೆ ಮೋಟಾರು ಕಾರ್ಖಾನೆ, ಕೆಳಗೆ ಮೋಟಾರನ್ನು ತಿನ್ನುವ ಉಪ್ಪು! ದೇವರು ಆ ಊರನ್ನು ನಿರ್ಮಿಸುವಾಗ ಒಳ್ಳೆಯ ವಿನೋದದಲ್ಲಿದ್ದಿರಬೇಕು. ಉಪ್ಪುನೀರು ಬಣ್ಣದ ಒಂದು ಬಿರುಕಿನಲ್ಲಿ ಇಳಿಯಿತೆಂದರೆ ಅಲ್ಲಿ ಕಬ್ಬಿಣ ಬೇಗ ಬೇಗ ತುಕ್ಕಾಗುತ್ತದೆ. ನಾಲ್ಕು ಚಳಿಗಾಲ ಕಳೆಯುವಷ್ಟರಲ್ಲಿ ಬೆರಳಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. 2015ರ ಮಾದರಿಯಿಂದ ಫೋರ್ಡಿನವರು ತಮ್ಮ ದೊಡ್ಡ ಪಿಕಪ್ಪಿನ ಮೈಯನ್ನು ಅಲ್ಯೂಮಿನಿಯಮ್ಮಿನಿಂದ ಮಾಡಿದರು. ಮರುವರ್ಷ ಎದುರಾಳಿ ಕಂಪನಿಯವರು ಜಾಹೀರಾತಿಗೆಂದು ಆ ತೊಟ್ಟಿಯೊಳಕ್ಕೆ ಕಾಂಕ್ರೀಟಿನ ಇಟ್ಟಿಗೆಗಳನ್ನು ದಬದಬನೆ ಸುರಿದು, ನೋಡಿ ತೂತಾಯಿತು ಎಂದು ಚಿತ್ರ ತೆಗೆದು ತೋರಿಸಿದರು. ವ್ಯಾಪಾರದ ಜಗಳಗಳು ನಲ್ಲಿಯ ಹತ್ತಿರದ ಜಗಳಗಳಿಗಿಂತ ಹೆಚ್ಚು ಗಂಭೀರವಾದುವೇನೂ ಅಲ್ಲ.

ತೊಟ್ಟಿಯನ್ನು ಕಾಪಾಡುವ ಉಪಾಯಗಳು ಹಲವು. ಹಿಂದೆ ಕೆಲವು ಪಿಕಪ್ಪುಗಳಲ್ಲಿ ನೆಲಕ್ಕೆ ಮರದ ಹಲಗೆಯನ್ನೇ ಹಾಕಿ, ನಡುನಡುವೆ ಉಕ್ಕಿನ ಪಟ್ಟಿ ಬಡಿಯುತ್ತಿದ್ದರು. ನಮ್ಮ ಎತ್ತಿನ ಗಾಡಿಯ ಸಂಬಂಧ ಅಲ್ಲಿಯವರೆಗೂ ಹರಿದಿತ್ತೆನ್ನಬಹುದು. ಈಗ ಅತ್ಯಂತ ಸುಲಭವಾದದ್ದು ದಪ್ಪ ರಬ್ಬರು ಚಾಪೆ. ಹಾಸು, ತೆಗೆ, ತೊಳೆ. ಆದರೆ ಪಕ್ಕದ ಗೋಡೆಗಳಿಗೆ ಅದರಿಂದ ಉಪಕಾರವಿಲ್ಲ. ಇನ್ನೊಂದು, ತೊಟ್ಟಿಯ ಆಕಾರಕ್ಕೇ ಎರಕ ಹೊಯ್ದ ಪ್ಲಾಸ್ಟಿಕ್ಕಿನ ಒಳತೊಟ್ಟಿ. ಎತ್ತಿ ಕೂರಿಸಿದರೆ ಆಯಿತು. ನೋಡಲು ಬಹಳ ಚೊಕ್ಕಟ. ಅದರ ಗುಟ್ಟು ಅದರ ಕೆಳಗಿರುತ್ತದೆ. ಪ್ಲಾಸ್ಟಿಕ್ಕಿಗೂ ತಗಡಿಗೂ ನಡುವೆ ಮರಳು ಸೇರುತ್ತದೆ, ನೀರು ಸೇರುತ್ತದೆ, ಗಾಡಿ ಅಲುಗಿದಂತೆಲ್ಲ ಒಳತೊಟ್ಟಿ ಉಜ್ಜುತ್ತದೆ, ಬಣ್ಣ ಸವೆಯುತ್ತದೆ. ಮೇಲೆ ನೋಡಿದರೆ ಹೊಸತು, ಎತ್ತಿ ನೋಡಿದರೆ ಜರಡಿ. ಅಳಿಯಂದಿರ ಗೆಳೆಯನ ಹಳೆಯ ಗಾಡಿಯಲ್ಲಿ ಹೀಗೆಯೇ ಆಗಿತ್ತಂತೆ.

ಆ ಪ್ಲಾಸ್ಟಿಕ್ ಒಳತೊಟ್ಟಿಗೆ ಮತ್ತೊಂದು ದೋಷವೂ ಉಂಟು. ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವನಾದ್ದರಿಂದ ಅದನ್ನು ವಿವರಿಸುವ ಚಪಲವನ್ನು ಓದುಗರು ಮನ್ನಿಸಬೇಕು. ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಡಬ್ಬಿಯಲ್ಲಿ ಪೆಟ್ರೋಲು ತರುವುದು ಅಲ್ಲಿ ದಿನನಿತ್ಯದ ಮಾತು. ಡಬ್ಬಿಯನ್ನು ತೊಟ್ಟಿಯಲ್ಲಿಯೇ ಬಿಟ್ಟು ಪೆಟ್ರೋಲು ತುಂಬಿಸಿದರೆ, ಹರಿಯುವ ದ್ರವ ಹುಟ್ಟಿಸಿದ ವಿದ್ಯುತ್ತು ಭೂಮಿಗೆ ಇಳಿಯಲಾರದೆ ಡಬ್ಬಿಯಲ್ಲಿ ನಿಲ್ಲುತ್ತದೆ; ಕೆಳಗಿನ ಪ್ಲಾಸ್ಟಿಕ್ಕು ಅದಕ್ಕೆ ದಾರಿ ಕೊಡುವುದಿಲ್ಲ. ಕೊನೆಗೆ ಕೊಳವೆಯ ಲೋಹದ ಮೂತಿಗೆ ಕಿಡಿಯಾಗಿ ಹಾರುತ್ತದೆ. ಹೀಗೆ ಬೆಂಕಿ ಹೊತ್ತಿದ ಪ್ರಸಂಗಗಳು ನಡೆದು, ಆ ದೇಶದ ಕಾರ್ಮಿಕರ ಆರೋಗ್ಯ ಸಂಸ್ಥೆ 1998ರಲ್ಲಿ ಎಚ್ಚರಿಕೆ ಹೊರಡಿಸಬೇಕಾಯಿತು. ಪರಿಹಾರ ಸುಲಭ: ಡಬ್ಬಿಯನ್ನು ನೆಲದ ಮೇಲೆ ಇಳಿಸಿ ತುಂಬಿಸಬೇಕು. ಲೇಪ ಯಾವುದೇ ಇರಲಿ, ಇಳಿಸಿ ತುಂಬಿಸುವುದೇ ಲೇಸು. ಬಾಗಲು ಸೋಮಾರಿತನಪಡುವವರ ಬೆನ್ನಿಗೆ ಬೆಂಕಿ ಬೀಳುವುದು ಎಲ್ಲ ದೇಶಗಳಲ್ಲಿಯೂ ಇದೆ.

ಉಳಿದದ್ದು ಲೇಪ. ಇದರಲ್ಲಿ ಎರಡು ಜಾತಿ. ಅಂಗಡಿಯಿಂದ ಡಬ್ಬಿ ತಂದು ಮನೆಯಲ್ಲಿಯೇ ಬಳಿದುಕೊಳ್ಳುವುದು ಒಂದು. ಕಾರ್ಯಾಗಾರಕ್ಕೆ ಕೊಂಡೊಯ್ದು ಯಂತ್ರದಿಂದ ಸಿಂಪಡಿಸಿ ತರುವುದು ಇನ್ನೊಂದು. ಮೊದಲನೆಯದಕ್ಕೆ ನೂರೈವತ್ತು ಡಾಲರು ಸಾಕು. ಎರಡನೆಯದಕ್ಕೆ ಆರುನೂರರ ಮೇಲೆ. ಸಂಬಳ ನಿಂತ ಮನೆಯಲ್ಲಿ ಈ ಎರಡು ಅಂಕಿಗಳ ನಡುವಣ ದೂರ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಳಿಯಂದಿರು ನೂರೈವತ್ತರ ಡಬ್ಬಿಗಳನ್ನು ತಂದು ಮೋಟಾರುಮನೆಯಲ್ಲಿ ಇಟ್ಟೂ ಆಗಿತ್ತು.

ಯಂತ್ರದಿಂದ ಸಿಂಪಡಿಸುವುದೇನೋ ನೋಡತಕ್ಕ ಕೆಲಸ. ಎರಡು ಪೀಪಾಯಿಗಳಲ್ಲಿ ಎರಡು ದ್ರವ. ಎರಡನ್ನೂ ಅರವತ್ತು ಎಪ್ಪತ್ತು ಡಿಗ್ರಿ ಸೆಲ್ಸಿಯಸ್ಸಿನವರೆಗೆ ಬಿಸಿಮಾಡಿ, ಚದರ ಅಂಗುಲಕ್ಕೆ ಎರಡು ಸಾವಿರ ಪೌಂಡಿನ ಒತ್ತಡದಲ್ಲಿ ತಳ್ಳುತ್ತಾರೆ. ಕೈಯಲ್ಲಿನ ಪಿಚಕಾರಿಯ ಬಾಯಲ್ಲಿ ಮಾತ್ರ ಅವು ಒಂದನ್ನೊಂದು ಸಂಧಿಸುತ್ತವೆ. ತಗಡಿಗೆ ತಾಕಿ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತವೆ. ಒಂದು ದ್ರವ ಐಸೊಸಯನೇಟ್. ಅದರ ಜೊತೆಯದು ಆಲ್ಕೊಹಾಲಿನ ಜಾತಿಗೆ ಸೇರಿದ್ದಾದರೆ ಹುಟ್ಟುವುದು ಪಾಲಿಯುರೇಥೇನ್. ಅಮೈನ್ ಜಾತಿಯದಾದರೆ ಪಾಲಿಯೂರಿಯ. ಪಾಲಿಯುರೇಥೇನನ್ನು ಒಟ್ಟೊ ಬಾಯರ್ ಎಂಬ ಜರ್ಮನ್ ರಸಾಯನಜ್ಞ 1937ರಲ್ಲಿ ಕಂಡುಹಿಡಿದ. ಮೊದಲನೆಯದು ಗಟ್ಟಿಯಾಗಲು ತುಸು ಹೊತ್ತು ತೆಗೆದುಕೊಳ್ಳುತ್ತದೆ, ತೇವವಿದ್ದರೆ ಗುಳ್ಳೆಯೇಳುತ್ತದೆ. ಎರಡನೆಯದಕ್ಕೆ ತೇವದ ಕಡೆ ನೋಡಲೂ ಪುರಸತ್ತಿಲ್ಲ, ಅಷ್ಟು ಅವಸರ. ಎರಡನ್ನೂ ಬೆರೆಸಿದ ಮಿಶ್ರಜಾತಿಗಳೂ ಇವೆ. ಗಟ್ಟಿತನವನ್ನು ಶೋರ್ ಎಂಬ ಮಾಪಕದಲ್ಲಿ ಅಳೆಯುತ್ತಾರೆ. ಲೈನ್-ಎಕ್ಸ್ ಎಂಬ ಹೆಸರಿನದು ಗಟ್ಟಿ ಜಾತಿಗೆ ಪ್ರಸಿದ್ಧ. ರೈನೊ ಎಂಬುದು ರಬ್ಬರಿನಂಥ ಮೆತ್ತನೆಯದಕ್ಕೆ. ಗಟ್ಟಿಯಾದದ್ದು ಕೆರೆತಕ್ಕೆ ಜಗ್ಗದು, ಸರಕು ಅದರ ಮೇಲೆ ಸುಲಭವಾಗಿ ಜಾರಿಬರುತ್ತದೆ. ಮೆತ್ತಗಿರುವುದು ಏಟನ್ನು ನುಂಗುತ್ತದೆ, ಸರಕನ್ನು ಕದಲಗೊಡದು. ದಿನವೂ ಸಲಿಕೆಯಿಂದ ಜಲ್ಲಿ ಎಳೆಯುವವನಿಗೆ ಮೊದಲನೆಯದು, ಮೇಜು ಬೀರು ಸಾಗಿಸುವವನಿಗೆ ಎರಡನೆಯದು ಎಂದು ಸ್ಥೂಲವಾಗಿ ಹೇಳಬಹುದು. ಎರಡೂ ಕಾದಾಡಿ ಸೋತವೆಂದು ಯಾವ ಅಂಗಡಿಯವನೂ ಒಪ್ಪುವುದಿಲ್ಲ.

ಇದರ ಬಲವನ್ನು ಕುರಿತ ಕತೆಗಳಿಗೆ ಕೊನೆಯಿಲ್ಲ. 1990ರ ದಶಕದ ಕೊನೆಯ ವೇಳೆಗೆ ಅಮೆರಿಕದ ವಾಯುಪಡೆಯವರು ಇದೇ ಬಗೆಯ ಲೇಪವನ್ನು ಕಟ್ಟಡದ ಗೋಡೆಗಳ ಒಳಮೈಗೆ ಸಿಂಪಡಿಸಿ, ಹೊರಗೆ ಸ್ಫೋಟ ನಡೆಸಿ ಪರೀಕ್ಷಿಸಿದರು; ಗೋಡೆ ಉಬ್ಬಿತೇ ಹೊರತು ಚೂರುಗಳು ಒಳಗೆ ಸಿಡಿಯಲಿಲ್ಲ. ಹುಡುಗರು ಕಲ್ಲಂಗಡಿ ಹಣ್ಣಿಗೆ ಇದನ್ನು ಬಳಿದು ಎತ್ತರದಿಂದ ಎಸೆದು, ಅದು ಚೆಂಡಿನಂತೆ ಪುಟಿಯುವುದನ್ನು ಚಿತ್ರ ತೆಗೆದಿದ್ದಾರೆ. ನನ್ನ ಎಂಟು ವರ್ಷದ ಮೊಮ್ಮಗ ಆ ಚಿತ್ರವನ್ನು ನನಗೆ ಒಂಬತ್ತು ಸಲ ತೋರಿಸಿದ. ಕಲ್ಲಂಗಡಿಯನ್ನು ತಿನ್ನುವುದು ಹೇಗೆಂದು ನಾನು ಕೇಳಿದ್ದಕ್ಕೆ, “ತಾತ, ಅದು ತಿನ್ನೋದಕ್ಕಲ್ಲ” ಎಂದು ಕನಿಕರದಿಂದ ಹೇಳಿದ.

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದದ್ದೇನೆಂದರೆ, ಇದು ನಮ್ಮ ಕಲಾಯಿಯೇ. ನನ್ನ ಬಾಲ್ಯದಲ್ಲಿ, ಮನೆಯ ಪಾತ್ರೆಗಳೆಲ್ಲ ಹಿತ್ತಾಳೆ ತಾಮ್ರವಾಗಿದ್ದ ಕಾಲದಲ್ಲಿ, ವರ್ಷಕ್ಕೆರಡು ಬಾರಿ ನಮ್ಮ ಬೀದಿಗೆ ಕಲಾಯಿ ಸಾಬರು ಬರುತ್ತಿದ್ದರು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು. ಮಜ್ಜಿಗೆಯಂತೂ ಮುಟ್ಟುವ ಹಾಗಿಲ್ಲ. ಬೇವಿನ ಮರದ ಕೆಳಗೆ ಗುಳಿ ತೋಡಿ, ತಿದಿ ಹೂಡಿ, ಇದ್ದಿಲು ಕೆಂಪಗೆ ಮಾಡುತ್ತಿದ್ದರು. ನಾವು ಹುಡುಗರು ಕಾಯುತ್ತಿದ್ದದ್ದು ಕೊನೆಯ ಕ್ಷಣಕ್ಕೆ: ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದೊಡನೆ ಬುಸ್ಸೆಂದು ಬಿಳಿಯ ಹೊಗೆ ಏಳುವುದು, ತವರದ ಕಡ್ಡಿ ತಾಕಿಸಿದೊಡನೆ ಅದು ಕರಗಿ ಓಡುವುದು, ಅರಳೆಯ ಉಂಡೆಯಿಂದ ಒಂದೇ ಸುತ್ತು ಒರೆಸುವಷ್ಟರಲ್ಲಿ ಒಳಗೆಲ್ಲ ಬೆಳದಿಂಗಳು ಹರಡುವುದು. ಆದರೆ ಸಾಬರ ಕೆಲಸದ ಮುಕ್ಕಾಲು ಪಾಲು ಅದಕ್ಕೆ ಮೊದಲೇ ಮುಗಿದಿರುತ್ತಿತ್ತು. ಪಾತ್ರೆಯೊಳಗೆ ಮರಳು, ಗೋಣಿಚೂರು ಹಾಕಿ, ತಾವೇ ಒಳಗೆ ಕಾಲಿಟ್ಟು, ಮರದ ಕೊಂಬೆ ಹಿಡಿದು ಸೊಂಟ ತಿರುವುತ್ತ ಅರ್ಧ ಗಂಟೆ ಉಜ್ಜುತ್ತಿದ್ದರು. ನಮ್ಮಜ್ಜಿ ಒಮ್ಮೆ ಅವಸರಪಡಿಸಿದಾಗ, “ಅಮ್ಮಾ, ಮೈ ತೊಳೀದೆ ಅಂಗಿ ಹಾಕಿದ್ರೆ ಅಂಗಿಗೇ ಕೆಟ್ಟ ಹೆಸರು” ಎಂದರು.

ಅಮೆರಿಕದ ಲೇಪದ ವಿದ್ಯೆಯೂ ಇಷ್ಟೇ. ಹಣ ಯಾವ ಡಬ್ಬಿಗೆ ಕೊಟ್ಟೆ ಎನ್ನುವುದಕ್ಕಿಂತ, ಸಿಂಪಡಿಸುವ ಮುನ್ನ ಎಷ್ಟು ಉಜ್ಜಿದ ಎನ್ನುವುದು ಹೆಚ್ಚು. ಹಳೆಯ ಎಣ್ಣೆಜಿಡ್ಡು ಹೋಗಬೇಕು. ತುಕ್ಕನ್ನು ಬುಡದವರೆಗೆ ಕೆರೆಯಬೇಕು. ಹೊಳೆಯುವ ಬಣ್ಣವನ್ನು ಉಜ್ಜಿ ಮಂಕು ಮಾಡಬೇಕು. ಹೊಳಪಿಗೆ ಲೇಪ ಅಂಟದು. ಬೋಲ್ಟುಗಳನ್ನು ಬಿಚ್ಚಬೇಕು, ಅಂಚುಗಳಿಗೆ ಪಟ್ಟಿ ಕಟ್ಟಬೇಕು. ಲೇಪ ಕಿತ್ತುಬರುವುದು ಯಾವಾಗಲೂ ಅಂಚಿನಿಂದ. ನಮ್ಮ ಮೊರಕ್ಕೆ ಬಳಿದ ಮೆಂತ್ಯದ ಹಿಟ್ಟು ಅಂಚಿನಿಂದ ಬಿಡುವ ಹಾಗೆ. ದಪ್ಪ ನೆಲದಲ್ಲಿ ಅಂಗುಲದ ಎಂಟನೆಯ ಒಂದು ಭಾಗವಾದರೂ ಇರಬೇಕು. ‘ಆಜೀವ ಖಾತರಿ’ ಎಂಬ ಮಾತು ಎಲ್ಲ ಅಂಗಡಿಗಳ ಫಲಕದ ಮೇಲೂ ಇದೆ. ಯಾರ ಜೀವ ಎನ್ನುವುದು ಒಳಗಿನ ಕಾಗದದಲ್ಲಿ ಸಣ್ಣಕ್ಷರದಲ್ಲಿದೆ. ಅನೇಕ ಕಡೆ ಅದು ಮೊದಲ ಮಾಲಿಕ ಗಾಡಿಯನ್ನು ಇಟ್ಟುಕೊಂಡಿರುವವರೆಗೆ ಮಾತ್ರ, ಅದೂ ಬಿರುಕು, ಗುಳ್ಳೆ, ಸುಲಿತಕ್ಕೆ. ಬಣ್ಣ ಮಾಸಿದರೆ ಕೇಳಬೇಡಿ. ಬಣ್ಣವೋ, ಮಾಸಿಯೇ ಮಾಸುತ್ತದೆ. ಸಾಧಾರಣ ಲೇಪ ಬಿಸಿಲಿಗೆ ಬೂದಿ ಬಡಿದಂತಾಗುತ್ತದೆ. ಬಿಸಿಲು ತಾಳುವ ಅಲಿಫ್ಯಾಟಿಕ್ ಎಂಬ ಜಾತಿಯಿದೆ, ಅದಕ್ಕೆ ಬೆಲೆ ಹೆಚ್ಚು. ಮೊಮ್ಮಗ ಕೆಂಪು ಬೇಕೆಂದು ಹಠ ಹಿಡಿದಿದ್ದ. ಕಪ್ಪೇ ಸಾಕೆಂದು ಅವರಪ್ಪ ಮೊದಲೇ ತೀರ್ಮಾನಿಸಿದ್ದರು.

ಒಂದು ಸಂಜೆ ನಾನು ಮೋಟಾರುಮನೆಯಲ್ಲಿ ಆ ನೂರೈವತ್ತು ಡಾಲರಿನ ಡಬ್ಬಿಗಳನ್ನು ತಿರುಗಿಸಿ ನೋಡುತ್ತಿದ್ದೆ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. ಎರಡನೆಯ ಡಬ್ಬಿಯ ಬೆನ್ನಿನ ಮೇಲೆ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಐಸೊಸಯನೇಟ್ ಎಂದಿತ್ತು.

ಆ ಶಬ್ದ ನನಗೆ ಹೊಸದಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಹೊರಬಿತ್ತು. ಮಲಗಿದ್ದವರು ಸಾವಿರಗಟ್ಟಲೆ ಸತ್ತರು. ಆ ವಾರ ಒಂಬತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಐಸೊಸಯನೇಟ್ ಅಂದರೇನು?” ಎಂದು ಕೇಳಿದ್ದ. ಕಪ್ಪು ಹಲಗೆಯ ಮೇಲೆ ನೈಟ್ರೊಜನ್, ಕಾರ್ಬನ್, ಆಕ್ಸಿಜನ್ ಮೂರನ್ನೂ ಜೋಡಿ ಗೆರೆಗಳಿಂದ ಕೂಡಿಸಿ ಬರೆದು ತೋರಿಸಿದೆ. ನೀರನ್ನು ಕಂಡರೆ, ಮೈಯೊಳಗಿನ ತೇವವನ್ನು ಕಂಡರೆ ಹಾರಿ ಹಿಡಿಯುವ ಗುಂಪು ಇದು ಎಂದೆ. ಹುಡುಗರು ಯಾರೂ ಅದನ್ನು ಬರೆದುಕೊಳ್ಳಲಿಲ್ಲ, ಸುಮ್ಮನೆ ನೋಡುತ್ತಿದ್ದರು.

ನ್ಯಾಯವಾಗಿ ಹೇಳಬೇಕಾದರೆ ಟ್ರಕ್ಕಿನ ಲೇಪದ್ದು ಅದೇ ಅಲ್ಲ, ಅದರ ದಾಯಾದಿ. ಭೋಪಾಲದ್ದು 39 ಡಿಗ್ರಿಗೇ ಕುದಿದು ಆವಿಯಾಗುವಂಥದು. ಕಾರ್ಯಾಗಾರಗಳಲ್ಲಿ ಬಳಸುವ ಎಂಡಿಐ ಎಂಬುದು ಭಾರದ ಅಣು, ತಾನಾಗಿ ಗಾಳಿಗೆ ಏಳುವುದು ಕಡಮೆ. ಆದರೆ ಬಿಸಿ ಮಾಡಿ ಪಿಚಕಾರಿಯಲ್ಲಿ ಸಿಂಪಡಿಸಿದರೆ, ಏಳದಿರುವುದನ್ನು ನಾವೇ ಎಬ್ಬಿಸಿದಂತೆ. ನವಿರಾದ ಮಂಜಾಗಿ ಎದೆಯೊಳಗೆ ಇಳಿಯುತ್ತದೆ. ಡಬ್ಬಿಯದು ಇನ್ನೊಂದು ದಾಯಾದಿಯಿರಬಹುದು, ಗುಣ ಮನೆತನದ್ದೇ. ಕೆಲವರ ಮೈಗೆ ಅದು ಒಮ್ಮೆ ಒಗ್ಗದೆ ಹೋಯಿತೆಂದರೆ, ಆಮೇಲೆ ಮೂಗಿಗೂ ತಿಳಿಯದಷ್ಟು ಸ್ವಲ್ಪವೇ ಸಾಕು, ಉಬ್ಬಸ ಕೆರಳುತ್ತದೆ. ಹಿಂದೆ ಹೇಳಿದ ಕಾರ್ಮಿಕರ ಆರೋಗ್ಯ ಸಂಸ್ಥೆಯೇ 2006ರಲ್ಲಿ ಈ ಟ್ರಕ್ಕಿನ ಲೇಪದ ಕೆಲಸವನ್ನೇ ಕುರಿತು ಒಂದು ಎಚ್ಚರಿಕೆಯ ಹೊತ್ತಗೆ ಪ್ರಕಟಿಸಿತು. ಸಿಂಪಡಿಸುವ ಕೆಲಸದಲ್ಲಿದ್ದು ಉಬ್ಬಸ ಬಂದು ತೀರಿಕೊಂಡವನೊಬ್ಬನ ವೃತ್ತಾಂತವೂ ಅದರಲ್ಲಿದೆ. ಸಿಂಪಡಿಸುವವನಿಗೆ ಬಟ್ಟೆಯ ಮುಸುಕು ಸಾಲದು, ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಬರುವ ಮುಖಕವಚ ಬೇಕು ಎನ್ನುತ್ತದೆ ಅದು. ಗಟ್ಟಿಯಾಗಿ ಕೂತ ಮೇಲೆ ಲೇಪದಿಂದ ಬಾಧೆಯಿಲ್ಲ; ಎಲ್ಲ ಅಪಾಯ ಆ ಒಂದೆರಡು ಗಂಟೆಯದು.

ಮೋಟಾರುಮನೆಯಿಂದ ಅಡಿಗೆಮನೆಗೆ ಒಂದೇ ಬಾಗಿಲು. ಅಡಿಗೆಮನೆಯ ಕಪಾಟಿನಲ್ಲಿ, ಸಾರಿನ ಪುಡಿಯ ಡಬ್ಬಿಯ ಪಕ್ಕದಲ್ಲಿ, ಮೊಮ್ಮಗ ಉಸಿರು ಕಟ್ಟಿದಾಗ ಎಳೆದುಕೊಳ್ಳುವ ನೀಲಿ ಕೊಳವೆ. ಮೂರನೆಯ ವಯಸ್ಸಿನಿಂದ ಅವನಿಗೆ ಉಬ್ಬಸ.

ಅಳಿಯನಿಗೆ ಬುದ್ಧಿ ಹೇಳುವುದು ಕಷ್ಟದ ಕೆಲಸ. ಕೆಲಸ ಕಳೆದುಕೊಂಡ ಅಳಿಯನಿಗೆ ಹೇಳುವುದು ಇನ್ನೂ ಕಷ್ಟ. ಏನು ಹೇಳಿದರೂ ಅದರಲ್ಲಿ ಹಣದ ಮಾತು ಇಣುಕುತ್ತದೆ. ರಾತ್ರಿ ಊಟವಾದ ಮೇಲೆ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಸಣ್ಣಕ್ಷರಗಳ ಮೇಲೆ ಬೆರಳು ಇಟ್ಟೆ.

“ಇದನ್ನು ನೋಡಿದಿರಾ?”

“ನೋಡಿದ್ದೇನೆ ಮಾವ. ಬಾಗಿಲು ತೆಗೆದಿಟ್ಟು ಮಾಡ್ತೀನಿ, ಮಾಸ್ಕ್ ಹಾಕ್ಕೋತೀನಿ. ಎಲ್ಲರೂ ಮಾಡ್ಕೋತಾರೆ.”

“ನಿಮಗೆ ಮಾಸ್ಕು ಸರಿ. ಬಾಗಿಲಿನ ಆ ಕಡೆ ಇರುವವನಿಗೆ?”

ಅವರು ಮಾತಾಡಲಿಲ್ಲ. ನನ್ನ ಮಗಳು ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ನಾನು ಭೋಪಾಲದ ಮಾತು ಎತ್ತಲಿಲ್ಲ. ಎತ್ತಿದ್ದರೆ ಅದು ವಾದವಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು, “ಆರುನೂರು ಅಂದರೆ ಎರಡು ಹಿತ್ತಿಲಿನ ಕೂಲಿ, ಮಾವ” ಎಂದರು. ಹಣ ನಾನು ಕೊಡುತ್ತೇನೆಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಗಳು ನನ್ನ ಕಡೆ ನೋಡಿದ ನೋಟದಿಂದ ಅದು ಅಲ್ಲಿಯೇ ನಿಂತಿತು. ಮರುದಿನ ಬೆಳಿಗ್ಗೆ ಡಬ್ಬಿಗಳು ಅಂಗಡಿಗೆ ವಾಪಸಾದವು. ಮುಚ್ಚಳ ತೆಗೆಯದೆ ಇದ್ದುದರಿಂದ ಪೂರ್ತಿ ಹಣ ಬಂತು. ಕೊಂಡದ್ದನ್ನು ಮುಖ ಸಿಂಡರಿಸದೆ ಹಿಂತೆಗೆದುಕೊಳ್ಳುವುದು ಆ ದೇಶದಲ್ಲಿ ನಾನು ಮನಸಾರೆ ಮೆಚ್ಚಿದ ಗುಣ.

ಎರಡು ಕಾರ್ಯಾಗಾರಗಳಿಗೆ ಹೋದೆವು. ಮೊದಲನೆಯದು ಮನೆಗೆ ಹತ್ತಿರ, ಐನೂರೈವತ್ತು ಹೇಳಿದರು. ಎದುರಿನ ಕೋಣೆ ಥಳಥಳನೆ ಇತ್ತು, ಕಾಫಿ ಕೊಟ್ಟರು. ಹಿಂದೆ ಕೆಲಸ ನಡೆಯುವ ಕಡೆ ನೋಡಬಹುದೆ ಎಂದು ಕೇಳಿದೆವು. ಇಪ್ಪತ್ತರ ಹುಡುಗನೊಬ್ಬ ಕಾಗದದ ಮುಸುಕು ಕಟ್ಟಿಕೊಂಡು, ಕೋಣೆಯ ಬಾಗಿಲು ಅರ್ಧ ತೆರೆದಂತೆಯೇ ಸಿಂಪಡಿಸುತ್ತಿದ್ದ. ಎಷ್ಟು ಹೊತ್ತು ಉಜ್ಜುತ್ತೀರಿ ಎಂದು ಅಳಿಯಂದಿರು ಕೇಳಿದ್ದಕ್ಕೆ ಯಜಮಾನ, ನಮ್ಮ ಲೇಪ ಎಂಥದ್ದರ ಮೇಲೂ ಹಿಡಿಯುತ್ತದೆ ಎಂದು ನಕ್ಕ. ನನಗೆ ನಮ್ಮಜ್ಜಿಗೆ ಸಾಬರು ಕೊಟ್ಟ ಉತ್ತರ ಜ್ಞಾಪಕಕ್ಕೆ ಬಂತು. ಇಂಗ್ಲಿಷಿನಲ್ಲಿ ಅದನ್ನು ಹೇಳಲು ಬರಲಿಲ್ಲ.

ಎರಡನೆಯದು ನಲವತ್ತು ಮೈಲಿ ದೂರ, ಆರುನೂರ ಎಂಬತ್ತು. ಕಾಫಿ ಇರಲಿಲ್ಲ, ಕುರ್ಚಿಯೂ ಒಂದೇ. ಸಿಂಪಡಿಸುವ ಕೋಣೆಗೆ ದೊಡ್ಡ ಫ್ಯಾನು, ಮುಚ್ಚಿದ ಬಾಗಿಲು, ಗೋಡೆಯಲ್ಲಿ ನೇತುಬಿಟ್ಟ ಗಾಳಿಕೊಳವೆಯ ಮುಖಕವಚ. ಯಜಮಾನನೇ ಸಿಂಪಡಿಸುವವನು, ಅರವತ್ತರ ಹತ್ತಿರದ ಮನುಷ್ಯ. ತುಕ್ಕಿನ ಮೂಲೆಯನ್ನು ಉಗುರಿನಿಂದ ಕೆದಕಿ, ಉಜ್ಜುವುದಕ್ಕೇ ಅರ್ಧ ದಿನ ಬೇಕು, ಅವಸರವಿದ್ದರೆ ಬೇರೆ ಕಡೆ ಹೋಗಿ ಎಂದ. ಆ ಕವಚ ಯಾವಾಗಲೂ ತೊಡುತ್ತೀರಾ ಎಂದು ನಾನು ಕೇಳಿದೆ. ತನ್ನ ಹಳೆಯ ಜೊತೆಗಾರನೊಬ್ಬ ತೊಡುತ್ತಿರಲಿಲ್ಲ. ಈಗ ಅವನು ಹೊಸ ಬಣ್ಣ ಬಳಿದ ಕೋಣೆಯೊಳಕ್ಕೂ ಕಾಲಿಡಲಾರ ಎಂದ. ಅಷ್ಟು ಹೇಳಿ, ಅಳತೆಪಟ್ಟಿ ಹಿಡಿದು ತೊಟ್ಟಿಯೊಳಗೆ ಹತ್ತಿದ. ಅಳಿಯಂದಿರು ನನ್ನನ್ನು ಏನೂ ಕೇಳದೆ ಮುಂಗಡ ಕೊಟ್ಟರು.

ಮೂರನೆಯ ದಿನ ಗಾಡಿ ಬಂತು. ತೊಟ್ಟಿ ಆನೆಯ ಚರ್ಮದಂತೆ ಕಪ್ಪಗೆ, ಒರಟೊರಟಾಗಿ ಕಂಡಿತು. ಒಂದೆರಡು ದಿನ ಭಾರ ಹೇರಬಾರದು, ಪೆಟ್ರೋಲು ಚೆಲ್ಲಬಾರದು ಎಂದು ಚೀಟಿ ಬರೆದುಕೊಟ್ಟಿದ್ದ. ನಾಲ್ಕನೆಯ ದಿನ ಮೊದಲ ಹೇರು ಬಿತ್ತು: ಮುಕ್ಕಾಲು ಟನ್ನಿನಷ್ಟು ಚಪ್ಪಡಿಕಲ್ಲು. ಸಂಜೆ ಕಲ್ಲಿಳಿಸಿ ಗುಡಿಸಿದಾಗ ಎರಡು ಬೂದುಗೆರೆ ಮಾತ್ರ ಕಂಡವು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅವೂ ಹೋದವು. ಆ ಮೈಯ ಒರಟುತನಕ್ಕೆ ಸರಕು ಜಾರದೆನ್ನುವುದು ನಿಜ. ಆದರೆ ಅದೇ ಒರಟುತನ, ಮಂಡಿಯೂರಿ ಕಲ್ಲು ಎಳೆಯುವವನ ಮಂಡಿಯನ್ನೂ ತೆಗೆಯುತ್ತದೆ ಎಂಬುದನ್ನು ಯಾರ ಜಾಹೀರಾತೂ ಹೇಳಿರಲಿಲ್ಲ. ಅಳಿಯಂದಿರ ಎರಡು ಷರಾಯಿ ಒಂದೇ ವಾರದಲ್ಲಿ ಮಂಡಿಯ ಹತ್ತಿರ ಹರಿದವು. ಮಗಳು ಒಳಗಿನಿಂದ, ನಾನು ಹಿಂದೊಮ್ಮೆ ಮೈಸೂರಿನಿಂದ ಕೊಂಡೊಯ್ದಿದ್ದ ಚಾಪೆಯನ್ನು ತಂದುಕೊಟ್ಟಳು. ಈಗ ಅವರು ಕೆಲಸಕ್ಕೆ ಹೊರಡುವಾಗ ಆರುನೂರ ಎಂಬತ್ತು ಡಾಲರಿನ ಆ ಹಾಸಿಗೆಯ ಮೂಲೆಯಲ್ಲಿ, ಸುರುಳಿ ಸುತ್ತಿ ಹಗ್ಗ ಕಟ್ಟಿದ ಚಾಪೆಯೊಂದು ತಪ್ಪದೆ ಇರುತ್ತದೆಯಂತೆ.